ಎರಡು ಪಟ್ಟು

ನನ್ನ ತೂಕ ಐವತ್ತೊಂದು ಕೆ.ಜಿ., ಊಟವಾದ ಮೇಲೆ.
ಗ್ಯಾರೆತ್ ಪಿಂಡರ್ ನನ್ನ ಎರಡು ಪಟ್ಟು.
ಪಟ್ಟು ಎಂದರೆ ನಮ್ಮಲ್ಲಿ ಲೆಕ್ಕವೂ ಹೌದು,
ಕುಸ್ತಿಯವರ ಹಿಡಿತವೂ ಹೌದು,
ಬೇಡವೆಂದರೂ ಬಿಡದ ಹಟವೂ ಹೌದು.
ಮೊದಲೆರಡು ಅವನ ಪಾಲಿಗೆ ಹೋದವು.
ಮೂರನೆಯದನ್ನು ಬಿಳಿ ಬೆಲ್ಟಿನ ಗಂಟಿನಲ್ಲಿ ಕಟ್ಟಿಕೊಂಡು
ಮಂಗಳವಾರ, ಗುರುವಾರ
ಗ್ರಿಮ್ಸ್‌ಬಿ ಬಂದರಿನ ಹಿಂದೆ
ಒಂದು ಕಾಲಕ್ಕೆ ಮೀನಿಗೆ ಹೊಗೆ ಹಾಕುತ್ತಿದ್ದ ಕಟ್ಟಡದ
ಮಹಡಿ ಹತ್ತುತ್ತೇನೆ.
ಗೋಡೆಗೆ ಎಷ್ಟು ಸಲ ಬಣ್ಣ ಬಳಿದರೂ
ಥಂಡಿ ಹೆಚ್ಚಾದ ದಿನ ಹ್ಯಾಡಕ್ ವಾಸನೆ ಎದ್ದು ಬರುತ್ತದೆ.

ಬೆಟಗೇರಿಯಲ್ಲಿ ನಮ್ಮ ಓಣಿಯ ಗರಡಿಮನೆಗೆ ಒಂದೇ ಕಿಂಡಿ.
ಹೆಣ್ಣುಮಕ್ಕಳಿಗೆ ಅಷ್ಟೇ ಪ್ರವೇಶ,
ಒಂದು ಕಣ್ಣಿನಷ್ಟು.
ಅಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು:
ಚಿತ್ತು. ಎದ್ದು, ಕೊಡವಿಕೊಂಡು, ಮನೆಗೆ ಹೋಗು.
ಇಲ್ಲಿ
ಬೆನ್ನು ನೆಲಕ್ಕೆ ತಾಗಿದ ಮೇಲೆಯೇ ಶುರು.

ಹನ್ನೊಂದು ತಿಂಗಳು ಗ್ಯಾರೆತ್‌ನ ತೋಳು ತಟ್ಟಿದ್ದೇನೆ
ಎರಡೆರಡು ಸಲ, ಕೂಸನ್ನು ಮಲಗಿಸುವ ಕೈಯಂತೆ.
ತಟ್ಟಿದೊಡನೆ ಬಿಡುತ್ತಾನೆ. ಒಳ್ಳೆಯವನು.
ಹಗಲೆಲ್ಲ ಕಟ್ಟಡಗಳಿಗೆ ಕಬ್ಬಿಣದ ಸಾರವೆ ಕಟ್ಟುವ ಬೆರಳು
ನನ್ನ ಕಾಲರಿನೊಳಗೆ ಇಳಿದರೆ
ಆಕಾಶ ನಾಕಾಣೆ ಅಗಲವಾಗುತ್ತದೆ.
ಹೂಕೋಸಿನಂಥ ಕಿವಿಯ ಲೆನ್ನಿ ಮಾಸ್ತರ
ಗೋಡೆಗೊರಗಿ ಹೇಳುವುದು ಒಂದೇ ಮಾತು:
ಉಸಿರಾಡು, ರೂತ್.
ಉಸಿರು ಎಲ್ಲಿದೆ ಅಂತ ಮಾತ್ರ ಹೇಳುವುದಿಲ್ಲ.

ನಾನು ನರ್ಸು. ಮುದುಕರ ಮನೆಯಲ್ಲಿ ರಾತ್ರಿ ಪಾಳಿ.
ಏಳನೇ ಕೋಣೆಯ ಆಲ್ಬರ್ಟ್ ಕೌಲಿಂಗ್,
ಐಸ್‌ಲ್ಯಾಂಡಿನತನಕ ಬಲೆ ಬೀಸಿ ಬಂದ ದೇಹ,
ನೂರಾ ನಾಲ್ಕು ಕೆ.ಜಿ.,
ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು,
ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ.
ಎತ್ತಲು ಹೋದರೆ ನನ್ನ ಸೊಂಟ ಉಳಿಯುವುದಿಲ್ಲ.
ಎತ್ತುವುದಿಲ್ಲ.
ಕೈಯೊಂದನ್ನು ಎದೆಯ ಮೇಲೆ ಅಡ್ಡ ತಂದು,
ಮೊಣಕಾಲು ಮಡಚಿ,
ಅವರು ಉಸಿರು ಬಿಡುವುದನ್ನೇ ಕಾದು,
ಮಂಡಿ ಅತ್ತ ಹೋದರೆ ಸೊಂಟ, ಸೊಂಟದ ಹಿಂದೆ ಹೆಗಲು,
ಹಡಗಿನಂತೆ ನಿಧಾನವಾಗಿ
ಇಡೀ ಮನುಷ್ಯ.

ಕಳೆದ ಗುರುವಾರ ಗ್ಯಾರೆತ್ ಎದೆಯ ಮೇಲೆ ಕೂತಿದ್ದ.
ಪಕ್ಕೆಲುಬು ಹಳೇ ಕಿಟಕಿಯ ಹಾಗೆ ಕಿರುಗುಟ್ಟುತ್ತಿದ್ದವು.
ಒಂದು ಕೈ ಕಾಲರಿಗೆ ಹೋಯಿತು, ಸೋಮಾರಿಯಾಗಿ,
ಗೊತ್ತಿರುವ ಮನೆಯ ಚಿಲಕ ತೆಗೆಯುವವನ ಹಾಗೆ.
ನನ್ನ ಕೈಗಳಿಗೆ ಏನನ್ನಿಸಿತೋ,
ಏಳನೇ ಕೋಣೆ ಅಂದುಕೊಂಡವೋ,
ಆ ತೋಳನ್ನು ಎದೆಗೆ ಅಪ್ಪಿಕೊಂಡವು.
ಪಾದ ಅವನ ಪಾದದ ಹೊರಗೆ ಅಗುಳಿ ಹಾಕಿತು.
ಅವನು ಉಸಿರು ಬಿಟ್ಟ.
ಸೊಂಟ ಎತ್ತಿದೆ.

ಊರಲು ಆ ಬದಿಗೆ ಕೈಯಿಲ್ಲ, ಕಾಲಿಲ್ಲ.
ಅವನದೇ ತೂಕ ಅವನನ್ನು ಕರೆದೊಯ್ದಿತು.
ನಾನು ಬರೀ ಬಾಗಿಲು ತೆರೆದೆ.

ಮೇಲಿನಿಂದ ನೋಡಿದರೆ ಗ್ಯಾರೆತ್‌ಗೆ ನೆತ್ತಿಯಲ್ಲಿ ಎರಡು ಸುಳಿ.
ಹನ್ನೊಂದು ತಿಂಗಳು ಇದು ಗೊತ್ತೇ ಇರಲಿಲ್ಲ.
ಎಲ್ಲೋ ಯಾರೋ ಚಪ್ಪಾಳೆ ಹೊಡೆದರು.
ಲೆನ್ನಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.
ನಾಲ್ಕು ಸೆಕೆಂಡು ಇರಬಹುದು. ಐದಲ್ಲ.
ಐದನೆಯದಕ್ಕೆ ಅವನ ಕಾಲುಗಳು
ನನ್ನ ಕೊರಳಿನ ಸುತ್ತ ಅಡಕತ್ತರಿಯಾಗಿ ಕೂಡಿದವು,
ಅವನ ತೊಡೆಗೆ ಎರಡು ಸಲ ತಟ್ಟಿದೆ,
ಯಥಾಪ್ರಕಾರ.
ಕೆಂಪಾದ ಮುಖದಲ್ಲಿ ಅವನು ಕೇಳಿದ್ದು:
ಎಲ್ಲಿ ಕಲಿತೆ?
ಕೆಲಸದಲ್ಲಿ, ಅಂದೆ.

ರಾತ್ರಿ ಎರಡು ಗಂಟೆಗೆ ಏಳನೇ ಕೋಣೆ.
ದೀಪ ಸಣ್ಣಗೆ. ಹೊರಗೆ ಸೀಗಲ್ ಹಕ್ಕಿಗಳ ಜಗಳ.
ಕೌಲಿಂಗ್ ನನ್ನ ಕೊರಳಿನ ಬಟ್ಟೆ ಉಜ್ಜಿದ ಗೆರೆ ನೋಡಿ
ಹುಬ್ಬು ಮೇಲೆತ್ತಿದರು. ಯಾರವನು, ಹೆಸರು ಹೇಳು.
ಅವನನ್ನು ಮಗುಚಿ ಹಾಕಿದೆ, ಅಂದೆ. ನೂರು ಕೆ.ಜಿ.
ಉಳಿದದ್ದು ಹೇಳಲಿಲ್ಲ.
ಮುದುಕ ನಕ್ಕರು, ಕೆಮ್ಮಿದರು,
ನಾನು ಕೈ ಚಾಚುವ ಮೊದಲೇ
ತೋಳನ್ನು ತಾವೇ ಎದೆಯ ಮೇಲೆ ಅಡ್ಡ ತಂದುಕೊಂಡರು.
ಮಂಡಿ ಮಾತ್ರ ನನಗೆ ಬಿಟ್ಟರು.